ಕಂಪ್ಯೂಟರಿಗೆ ಅಮಾವಾಸ್ಯೆ ಗೊತ್ತಿರಲಿಲ್ಲ

1993ರ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಆಳಂದದ ನಮ್ಮ ಬೇಳೆ ಮಿಲ್ಲಿನಲ್ಲಿ ಮಾಲಕರು, ಮ್ಯಾನೇಜರನಾದ ನಾನು, ಹಿರಿಯ ಹಮಾಲ ಮಸ್ತಾನಸಾಬ ಹಾಗೂ ಗುಲಬರ್ಗಾದ ಸಾಫ್ಟ್‌ವೇರ್ ಕಂಪನಿಯಿಂದ ಕಂಪ್ಯೂಟರ್ ತಂದಿದ್ದ ಶಿವಲೀಲಾ ಇದ್ದೆವು. ಶನಿವಾರವೇ ಆಕೆ ಚೀಲಗಳ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿದ್ದಳು. ಯಾವ ಚೀಲ ಎಲ್ಲಿದೆಯೆಂದು ಅದು ಸರಿಯಾಗಿ ಹೇಳಿದರಷ್ಟೇ ಆಕೆಯ ಕಂಪನಿಗೆ ನಮ್ಮ ಕೆಲಸ.

“ಸರಸಂಬಾ ಊರಿಂದ ಬಂದ ತೊಗರಿ ಎಲ್ಲದ?” ಮಾಲಕರು ಕೇಳಿದರು. ‘ಎರಡನೇ ಗೋದಾಮು, ಬಲಗಡೆ’ ಎಂದು ಪರದೆಯ ಮೇಲೆ ಬಂತು. ಹೋಗಿ ನೋಡಿದರೆ ಬರೀ ನೆಲ!

ಮಸ್ತಾನಸಾಬ ನಕ್ಕ. “ನಿನ್ನಿ ಅಮಾಸಿ ಇತ್ತಲ್ಲವ್ವಾ! ಕಸ ಹೊಡಿಯಾಕ ಚೀಲ ಎಡಕ್ಕ ಸರಿಸೀವಿ. ನಿನ್ನ ಡಬ್ಬಿಗಿ ಯಾರ ಹೇಳಬೇಕು?”

ಶಿವಲೀಲಾ ಚೀಲದ ಮೇಲೆ ಕೂತು ವಹಿ ಬಿಚ್ಚಿ ಬರೆಯಲು ಪೆನ್ನು ಹಿಡಿದಳು. “ಇನ್ನ ಯಾವ್ಯಾವಾಗ ಸರಸ್ತೀರಿ ಕಾಕಾ? ಒಂದೊಂದೇ ಹೇಳ್ರಿ.” ಕಂಪ್ಯೂಟರ್ ತಪ್ಪಿದರೂ, ಆ ಪ್ರಶ್ನೆ ಕೇಳಿಸಿಕೊಂಡೇ ಮಾಲಕರು ಆಕೆಯ ಕಂಪನಿಗೆ ಕೆಲಸ ಕೊಟ್ಟರು.

ಇಪ್ಪತ್ತು ವರ್ಷದಲ್ಲಿ ನಾನು ಮಸ್ತಾನಸಾಬನನ್ನು ಹಾಗೆ ಒಮ್ಮೆಯೂ ಕೇಳಿರಲಿಲ್ಲ. ಸಂಜೆ ಐದಕ್ಕೆ ಒಪ್ಪಿಗೆ ಪತ್ರ ಟೈಪು ಮಾಡಿ, ಮಾಲಕರ ಸಹಿ ಹಾಕಿಸಿದೆ.