ಆರು ತಿಂಗಳು ಸುಮ್ಮನಿದ್ದ ಟೈಪಕ್ಕ

ನಮ್ಮ ಕಚೇರಿಯ ಟೈಪಿಸ್ಟಳನ್ನು ಎಲ್ಲರೂ ಟೈಪಕ್ಕ ಅಂತಲೇ ಕರೆಯುವುದು. ನನಗಿಂತ ಎರಡು ವರ್ಷ ಚಿಕ್ಕವಳು, ಆದರೂ ಅಕ್ಕ. ಮರ್ಯಾದೆಗಲ್ಲ, ಭಯಕ್ಕೆ. ಒಮ್ಮೆ ನನ್ನ ಊಟದ ಡಬ್ಬಿಗೆ ಚೀಟಿ ಅಂಟಿಸಿ, ನಂಬರು ಹಾಕಿ, ಫೈಲುಗಳ ಜೊತೆ ಮೇಲಿನ ಮಹಡಿಗೆ ಕಳಿಸಿಬಿಟ್ಟಿದ್ದಳು. ಸಂಜೆ ಅದು ಮೂರು ಸಹಿ ಹೊತ್ತು ವಾಪಸು ಬಂತು. ಕೆಳಗೆ ‘ಪರಿಶೀಲಿಸಲಾಗಿದೆ’ ಎಂಬ ಷರಾ. ಡಬ್ಬಿ ಖಾಲಿ. ಇಡೀ ಕಚೇರಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾನೂ ನಕ್ಕೆ, ಹಸಿದ ಹೊಟ್ಟೆಯಲ್ಲಿ.

ಸಾಹೇಬರನ್ನೂ ಬಿಟ್ಟವಳಲ್ಲ. ಕಚೇರಿಯ ಗೋಡೆ ಗಡಿಯಾರವನ್ನು ದಿನಕ್ಕೆ ಎರಡೆರಡು ನಿಮಿಷ ಮುಂದಕ್ಕೆ ತಳ್ಳಿ ತಳ್ಳಿ, ಒಂದು ತಿಂಗಳಲ್ಲಿ ಅವರು ಒಂದು ಗಂಟೆ ಮೊದಲೇ ಮನೆಗೆ ಹೊರಡುವಂತೆ ಮಾಡಿದ್ದಳು. ಅದರಲ್ಲಿ ನಮಗೂ ಲಾಭವಿತ್ತು, ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ.

ಇಂಥವಳು ಈ ವರ್ಷ ಇದ್ದಕ್ಕಿದ್ದಂತೆ ಸಾಧುವಾದಳು. ಹೆಡ್ ಕ್ಲಾರ್ಕ್ ಹುದ್ದೆ ಖಾಲಿಯಾಗಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಸಿಕ್ಕರೆ ಈಗ, ಇಲ್ಲದಿದ್ದರೆ ನಿವೃತ್ತಿಯವರೆಗೂ ಅದೇ ಕೀಲಿಮಣೆ. ಬಡ್ತಿ ನಿಂತಿದ್ದು ಸಾಹೇಬರು ಬರೆಯುವ ಗೋಪ್ಯ ವರದಿಯ ಮೇಲೆ. ಅದರಲ್ಲಿ ‘ಸ್ವಭಾವ’ ಅಂತ ಒಂದು ಕಾಲಂ. ಒಂದೇ ಪದ, ಅದೂ ಇಂಗ್ಲಿಷಿನಲ್ಲೇ ಬರೆಯಬೇಕು. ಆರು ತಿಂಗಳು ಟೈಪಕ್ಕ ಬಾಲ ಮುದುರಿಕೊಂಡು ಕೂತಳು. ಪಂಚಿಂಗ್ ಯಂತ್ರದಿಂದ ಉದುರುವ ಕಾಗದದ ಚುಕ್ಕೆಗಳನ್ನು ಮಾತ್ರ ಒಂದು ಡಬ್ಬದಲ್ಲಿ ತುಂಬಿಡುತ್ತಿದ್ದಳು. ಯಾಕೆ ಅಂದರೆ “ಸ್ವಚ್ಛತೆ” ಅನ್ನುತ್ತಿದ್ದಳು. ನಾನು ಪೆದ್ದ, ನಂಬಿದೆ.

ಸಾಹೇಬರ ಇಂಗ್ಲಿಷ್ ಅಷ್ಟಕ್ಕಷ್ಟೇ. ಯಾವ ಪದ ಬೇಕಾದರೂ ಟೈಪಕ್ಕನನ್ನೇ ಕೇಳುವುದು ಹದಿನೈದು ವರ್ಷದ ಅಭ್ಯಾಸ. ಅಂದೂ ಒಂದು ಫಾರಂ ಮಡಚಿ ಹಿಡಿದು ಅವಳ ಮೇಜಿಗೆ ಬಂದರು.

“ಏನಮ್ಮಾ, ಚೇಷ್ಟೆ ಮಾಡೋರಿಗೆ ಇಂಗ್ಲಿಷಲ್ಲಿ ಏನಂತಾರೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಟೈಪಕ್ಕನ ಬೆರಳು ಕೀಲಿಗಳ ಮೇಲೆ ನಿಂತೇ ಹೋದವು. ‘ಸಿನ್ಸಿಯರ್ ಅಂದುಬಿಡು ತಾಯಿ, ಅವರಿಗೆಲ್ಲಿ ಗೊತ್ತಾಗುತ್ತೆ’ ಎಂದು ಪಕ್ಕದ ಮೇಜಿನಲ್ಲಿ ಕೂತು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಸುಮಾರಿವೆ ಸರ್,” ಅಂದಳು. “ನಾಟಿ ಅಂತಾರೆ. ಅದು ಮಕ್ಕಳಿಗೆ. ದೊಡ್ಡೋರಿಗೆ ಬರೆದ್ರೆ ಬೇರೇನೋ ವಾಸನೆ ಹೊಡೆಯುತ್ತೆ.”

“ಛೇ ಛೇ, ಬೇಡ.”

“ಇಂಪಿಶ್ ಅಂತಿದೆ. ಮೇಲಿನೋರು ಡಿಕ್ಷನರಿ ತೆಗೀಬೇಕಾಗುತ್ತೆ, ಸಿಟ್ಟಾಗ್ತಾರೆ. ಮಿಸ್ಚಿವಸ್ ಅನ್ನೋದ್ರಲ್ಲಿ ಚೂರು ಕೇಡೂ ಬೆರೆತಿದೆ ಸರ್. ಅದನ್ನ ಬರೆದ್ರೆ ಆ ಮನುಷ್ಯರ ಕಥೆ ಮುಗೀತು. ಪ್ಲೇಫುಲ್ ಅಂದ್ರೆ ಬರೀ ಆಟದ ಬುದ್ಧಿ, ಯಾರಿಗೂ ನೋವಿಲ್ಲ.”

“ಇದರಲ್ಲಿ ಯಾವುದು ಸರಿ?”

“ಅವರು ನಿಮಗೆ ಯಾವತ್ತಾದ್ರೂ ನೋವು ಮಾಡಿದಾರಾ ಸರ್?” ಅವಳ ಧ್ವನಿ ಸಣ್ಣಗಾಗಿತ್ತು.

ಸಾಹೇಬರು ತಲೆಯೆತ್ತಿ ಗೋಡೆ ಗಡಿಯಾರ ನೋಡಿದರು. ಪಾಪ, ಅದು ಆರು ತಿಂಗಳಿಂದ ಸರಿಯಾಗಿಯೇ ನಡೆಯುತ್ತಿತ್ತು.

“ಇಲ್ಲಮ್ಮ. ಆರು ತಿಂಗಳಿಂದ ಸುಮ್ಮನಿದಾರಲ್ಲ, ಅದೇ ಸ್ವಲ್ಪ ನೋವು,” ಅಂದು ತಮ್ಮ ಕೋಣೆಗೆ ಹೋದರು.

ಮೂರು ವಾರಕ್ಕೆ ಆದೇಶ ಬಂತು. ಟೈಪಕ್ಕ ಹೆಡ್ ಕ್ಲಾರ್ಕ್! ಅದರ ನಕಲು ಟೈಪ್ ಮಾಡಬೇಕಾದವಳೂ ಅವಳೇ. ತನ್ನ ಹೆಸರು ಬಂದಲ್ಲಿ ಮೂರು ಸಲ ತಪ್ಪು ಹೊಡೆದಳು. ನನಗೆ ನಿಜಕ್ಕೂ ಖುಷಿಯಾಯಿತು. ಊಟದ ಡಬ್ಬಿಯ ವಿಷಯವನ್ನೂ ಕ್ಷಮಿಸಿಬಿಟ್ಟೆ.

ಸಂಜೆ ಮಳೆ. ಸಾಹೇಬರು ಬಾಗಿಲಲ್ಲಿ ನಿಂತು ಕೊಡೆ ಬಿಚ್ಚಿದರು. ಆರು ತಿಂಗಳ ಕಾಗದದ ಚುಕ್ಕೆಗಳು ಒಟ್ಟಿಗೇ ಸುರಿದವು. ತಲೆ, ಮೀಸೆ, ಅಂಗಿಯ ಜೇಬು, ಒಂದನ್ನೂ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಸಾಹೇಬರು ಮೀಸೆಯಿಂದ ಒಂದು ಚುಕ್ಕೆ ಕಿತ್ತು ನೋಡಿದರು.

“ಅಮ್ಮಾ, ಆ ಕೇಡಿನ ಪದಾನೇ ಬರೀಬೇಕಿತ್ತು ನಾನು,” ಅಂದವರು, ಚುಕ್ಕೆ ಕೊಡವಿಕೊಳ್ಳದೆ, ಭುಜ ಕುಣಿಸಿ ನಗುತ್ತ ಮಳೆಗಿಳಿದರು.

ನಾನು ನನ್ನ ಡಬ್ಬಿಯನ್ನು ಎದೆಗವಚಿಕೊಂಡೆ. ಇನ್ನು ಅದನ್ನು ಖಾಲಿ ಮಾಡಲು ಮೂರು ಸಹಿ ಬೇಕಿಲ್ಲ, ಅವಳದೊಂದೇ ಸಾಕು.