ಗೋಡೆಯಕ್ಕನ ಸೀಮೆಸುಣ್ಣ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಗೋಡೆಯಕ್ಕ ಬಸ್ ಡ್ರೈವರ್ ಮನೆಯ ಹಾಲ್‌ನಲ್ಲಿ ಮಂಡಿಯೂರಿ ಕುಳಿತಿದ್ದಾರೆ. ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಅವರೇ ಎಳೆದ ಸೀಮೆಸುಣ್ಣದ ಗೆರೆ. ಒಂದು ವಾರದಿಂದ ಮನೆಯವರೆಲ್ಲ ಗೆರೆಯ ಹಿಂದಿನ ಅರ್ಧದಲ್ಲೇ ಉಂಡು, ಮಲಗಿ, ಜಗಳವಾಡಿದ್ದಾರೆ. ಗೆರೆ ಒಂದು ಕಡೆ ಅಳಿಸಿಹೋಗಿದೆ.

"ಇಲ್ಲಿ ದಾಟಿದ್ದು ಯಾರು?"

ಡ್ರೈವರ್ ಸೂರು ನೋಡುತ್ತಾರೆ. "ಬೆಕ್ಕು ಇರ್ಬೇಕು."

"ಹೌದೌದು, ಒಂಬತ್ತನೇ ನಂಬರ್ ಚಪ್ಪಲಿ ಹಾಕೋ ಬೆಕ್ಕು," ಎನ್ನುತ್ತಾರೆ ಅವರ ಹೆಂಡತಿ.

ಗೋಡೆಯಕ್ಕನದು ಗಾರೆ ಕೆಲಸ. ಸಾಲ ಮಾಡಿ ಮನೆ ಕಟ್ಟಿ, ಈಗ ಕಂತು ಕಟ್ಟಲಾಗದೆ ಒದ್ದಾಡುವವರ ಮನೆಗೆ ನಡುವೆ ಗೋಡೆ ಹಾಕಿ, ಅರ್ಧವನ್ನು ಬಾಡಿಗೆಗೆ ಸಿದ್ಧ ಮಾಡಿಕೊಡುತ್ತಾರೆ. ದಿನಕ್ಕೆ ಮುನ್ನೂರು ಇಟ್ಟಿಗೆ ಕೂರಿಸುತ್ತಾರೆ; ಮನೆಯವರು ಸಲಹೆ ಕೊಡದಿದ್ದರೆ ನಾನೂರು. ಗೋಡೆ ಎಷ್ಟು ನೆಟ್ಟಗೆಂದರೆ, ಅದಕ್ಕೆ ಒರಗಿ ಕೂತ ಸೊಳ್ಳೆಯೊಂದರ ಗೂನು ಬೆನ್ನು ಸರಿಹೋಯಿತಂತೆ. ಸೊಳ್ಳೆ ಮಾತಿಗೆ ಸಿಕ್ಕಿಲ್ಲ. ಅಕ್ಕಪಕ್ಕದವರು ಆಣೆ ಮಾಡಿ ಹೇಳುತ್ತಾರೆ.

ಕರೆದ ಕೂಡಲೇ ಅವರು ಕರಣೆ ಹಿಡಿಯುವುದಿಲ್ಲ. "ಮೊದ್ಲು ಬ್ಯಾಂಕಿಗೆ ಹೋಗಿ ಬನ್ನಿ. ವರ್ಷ ಜಾಸ್ತಿ ಮಾಡಿ ಕಂತು ಕಮ್ಮಿ ಮಾಡ್ತೀರಾ ಅಂತ ಕೇಳಿ. ಕೇಳಿದ್ರೆ ನಾಲಿಗೆ ಬಿದ್ದೋಗಲ್ಲ." ಅದೂ ಸಾಲದಿದ್ದರೆ ಗೆರೆ ಎಳೆದು, ಒಂದು ವಾರ ಅರ್ಧ ಮನೆಯಲ್ಲಿ ಇದ್ದು ನೋಡಿ ಎನ್ನುತ್ತಾರೆ. ಹಾಗೆ ಬಾಳಲಾಗದವರಿಗೆ ಅವರ ಮಾತು ಬೇವಿಗಿಂತ ಕಹಿ. "ಹಾಗಾದ್ರೆ ಬ್ಯಾಂಕಿನವ್ರು ಹರಾಜು ಹಾಕೋ ಮೊದ್ಲು ನೀವೇ ಮಾರ್ಬಿಡಿ. ಸಾಲ ತೀರಿಸಿ ಕೈಯಲ್ಲಿ ನಾಲ್ಕು ಕಾಸಾದ್ರೂ ಉಳಿದೀತು."

ಈ ಬುದ್ಧಿ ಅವರಿಗೆ ಪುಕ್ಕಟೆ ಬಂದದ್ದಲ್ಲ. ಗಂಡ ಹಾಸಿಗೆ ಹಿಡಿದ ವರ್ಷ ಅವರದೇ ಮನೆ ಹರಾಜಾಯಿತು. "ಬ್ಯಾಂಕಿನವ್ರು ಬಂದಾಗೆಲ್ಲ ಚಿಲಕ ಹಾಕ್ಕೊಂಡು ಉಸಿರು ಬಿಗಿಹಿಡಿದು ಕೂತ್ವಿ. ಚಿಲಕ ಹಾಕಿದ್ರೆ ಸಾಲ ಹೊರಗೆ ನಿಲ್ಲುತ್ತಾ? ನಮ್ ಪಕ್ಕದಲ್ಲೇ ಕಾಲು ಚಾಚ್ಕೊಂಡು ಕೂತಿತ್ತು." ಈಗ ಮಗಳ ಜೊತೆ ಬಾಡಿಗೆಯ ಒಂದೇ ಕೋಣೆಯಲ್ಲಿದ್ದಾರೆ.

ಡ್ರೈವರ್ ಕಥೆಗೆ ಬರೋಣ. ಮಂಡಿ ಕೈಕೊಟ್ಟ ಮೇಲೆ ಅವರಿಗೆ ಡಿಪೋದಲ್ಲಿ ಕೂತು ಮಾಡುವ ಕೆಲಸ, ಅರ್ಧ ಸಂಬಳ. ಬ್ಯಾಂಕು ಕಂತು ಇಳಿಸಿಕೊಟ್ಟಿದೆ. ಇಳಿದ ಕಂತೂ ಈ ಸಂಬಳಕ್ಕೆ ಎಟುಕುವುದಿಲ್ಲ. ಮನೆಯ ಮುಂದಿನ ಅರ್ಧಕ್ಕೆ ಬರಲು ಒಬ್ಬ ನರ್ಸ್ ಒಪ್ಪಿದ್ದಾರೆ. ಇವತ್ತು ಉತ್ತರ ಬೇಕಂತೆ. ಇಲ್ಲವೆಂದರೆ ನರ್ಸ್ ಬೇರೆ ಮನೆ ನೋಡುತ್ತಾರೆ, ಬ್ಯಾಂಕು ಇವರ ಮನೆ ನೋಡುತ್ತದೆ.

"ಎಲ್ಲಾ ಸರಿ ಅಕ್ಕ," ಡ್ರೈವರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಮುಂಬಾಗಿಲು ಅವರಿಗಾ? ನಾನು ಕಟ್ಟಿಸಿದ ಮನೆಗೆ ನಾನೇ ಹಿಂಬಾಗಿಲಿಂದ ಕಳ್ಳನ ಥರ ಬರ್ಬೇಕಾ?"

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅವರ ತಾಯಿ ತಲೆಯೆತ್ತದೆ ಹೇಳುತ್ತಾರೆ: "ಮೂವತ್ತು ವರ್ಷ ಹಿಂಬಾಗಿಲಿಂದ ಜನಾನ ಬಸ್ಸಿಗೆ ಹತ್ತಿಸ್ಕೊಂಡೆಯಲ್ಲೋ. ಅವ್ರೆಲ್ಲ ಕಳ್ರೇನೋ?"

ಡ್ರೈವರ್ ಎದ್ದು ಹಿಂಬಾಗಿಲಿಂದ ಹೊರಗೆ ಹೋಗುತ್ತಾರೆ. ಹೆಂಡತಿ ಸೆರಗಿನ ತುದಿ ಹಿಂಡುತ್ತಾ ನಿಲ್ಲುತ್ತಾರೆ. ಗೋಡೆಯಕ್ಕ ಯಾರನ್ನೂ ಒತ್ತಾಯ ಮಾಡುವವರಲ್ಲ. ಸ್ವಲ್ಪ ಹೊತ್ತಿಗೆ ಕುಂಟುವ ಸದ್ದು. ಡ್ರೈವರ್ ಹಿಂಬಾಗಿಲಿಂದಲೇ ಒಳಗೆ ಬರುತ್ತಾರೆ, ಎರಡು ಕೈಯಲ್ಲೂ ಹಿತ್ತಿಲಲ್ಲಿ ಇಳಿಸಿದ್ದ ಒಂದೊಂದು ಇಟ್ಟಿಗೆ.

"ಹಾಕಕ್ಕ ಗೋಡೆ. ನರ್ಸಮ್ಮಂಗೆ ಫೋನ್ ಮಾಡೇ," ಎಂದು ಹೆಂಡತಿಗೆ ಹೇಳಿ, ಇಟ್ಟಿಗೆ ಇಳಿಸಿ ಇನ್ನೆರಡು ತರಲು ಹೊರಡುತ್ತಾರೆ.

ಮಧ್ಯಾಹ್ನಕ್ಕೆ ಗೋಡೆ ಎದೆಮಟ್ಟ ಬಂದಿದೆ. ನಡುವೆ ಒಂದು ಬಾಗಿಲಿನ ಅಗಲಕ್ಕೆ ಮಾತ್ರ ಗೋಡೆಯಕ್ಕ ಸಿಮೆಂಟ್ ಮುಟ್ಟದೆ ಬರೀ ಮಣ್ಣು ಕಲಸಿ ಇಟ್ಟಿಗೆ ಕೂರಿಸಿದ್ದಾರೆ. ಡ್ರೈವರ್‌ಗೆ ಅನುಮಾನ.

"ಏನಕ್ಕ, ಸಿಮೆಂಟ್ ಉಳಿಸಿ ಮಾರ್ಕೋತೀಯಾ?"

"ಸಾಲ ತೀರಿದ ದಿನ ಇಲ್ಲೇ ಒಡೀಬೇಕಲ್ಲಪ್ಪ. ಆಗ ನನ್ ತೋಳು ನೋಯಬಾರ್ದು."

ಇದುವರೆಗೆ ಅವರು ಹಾಕಿದ ಗೋಡೆಗಳಲ್ಲಿ ಹಾಗೆ ಒಡೆದದ್ದು ಎರಡೇ. ಮಿಕ್ಕವೆಲ್ಲ ನಿಂತಿವೆ, ಮನೆಗಳೂ ನಿಂತಿವೆ. ಕೈಗಂಟಿದ ಮಣ್ಣು ಕೊಡವುತ್ತಾ ಅವರು ಹೇಳುತ್ತಾರೆ:

"ಕಟ್ಟೋಕೆ ಕೂಲಿ ತಗೋತೀನಿ, ಒಡೆಯೋಕೆ ಒಂದ್ ಲೋಟ ಟೀ ಸಾಕು. ಎಲ್ರೂ ಒಬ್ಬೊಬ್ರಾಗಿ ಕರೀಲಿ. ಹಲ್ಲು ಬಿದ್ದ ಮುದುಕಿ ಆದ್ರೂ ಸುತ್ತಿಗೆ ಹಿಡ್ಕೊಂಡು ಬರ್ತೀನಿ."