ರಾಳ ಬಳಿದವನೇ ಮೊದಲು ಕೂರಬೇಕು

ಆಗ ನನಗೆ ಮೂವತ್ತೊಂದು ವರ್ಷ. ಅದಾಗಿ ನಲವತ್ತೇಳು ವರ್ಷ ಕಳೆದಿದೆ. ಮೊನ್ನೆ ವರದಾ ಹೊಳೆಯ ದಂಡೆಗೆ ಹೋದಾಗ ಡಾಂಬರು ಕಾಯಿಸುವ ವಾಸನೆ ಮೂಗಿಗೆ ಬಡಿಯದೆ ಇದ್ದಿದ್ದರೆ ಇದನ್ನು ಬರೆಯುವ ಉಸಾಬರಿಗೇ ನಾನು ಹೋಗುತ್ತಿರಲಿಲ್ಲ.

ಶಿರಸಿಯಿಂದ ಬಂದ ನಾಲ್ಕಾರು ಜನ ಅಲ್ಲಿ ತಗಡಿನ ಶೆಡ್ಡು ಕಟ್ಟುತ್ತಿದ್ದಾರೆ. ದೋಣಿ ನಡೆಸುವ ಕ್ಲಬ್ಬಂತೆ. ಹಳದಿ ಪ್ಲಾಸ್ಟಿಕ್ ದೋಣಿಗಳನ್ನು ಸಾಲಾಗಿ ಕವುಚಿ ಹಾಕಿದ್ದರು. ಅವರಲ್ಲಿ ಒಬ್ಬ ಹುಡುಗಿ ಮೊಬೈಲು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಅಜ್ಜಿ, ಇಲ್ಲಿ ಹಿಂದೆ ದೋಣಿ ಸಂಘ ಇತ್ತಂತಲ್ಲ. ಅದರ ಹಿಸ್ಟರಿ ಹೇಳಿ, ಗೋಡೆ ಮೇಲೆ ಬರೆಸ್ತೀವಿ."

"ಈ ದೋಣಿ ಮಾಡಿದಾವ ಮೊದ್ಲು ಇದ್ರಾಗ ಕುಂತು ನೋಡ್ಯಾನೇನು?"

"ಅದು ಫ್ಯಾಕ್ಟರಿಯಿಂದ ಬರೋದು ಅಜ್ಜಿ."

"ಹಂಗಾರ ನಾ ಏನೂ ಹೇಳೂದಿಲ್ಲ" ಎಂದು ಬಂದುಬಿಟ್ಟೆ.

ನಗಬೇಡಿ. ನನ್ನ ಗುಣವೇ ಅದು. ಇವತ್ತು ಕಥೆ ಕೇಳಿದವರು ನಾಳೆ ಹೊಳೆದಂಡೆಯ ಗದ್ದೆ ಕೇಳುವುದಿಲ್ಲ ಎಂದು ಯಾರು ಕಂಡಿದ್ದಾರೆ? ಆದರೆ ಆ ವಾಸನೆ ಮನೆಯವರೆಗೂ ನನ್ನ ಜೊತೆಗೇ ಬಂತು.

ಬನವಾಸಿ ಕಡೆಯ ನಮ್ಮ ಊರಿಗೆ ಸೇತುವೆ ಇರಲಿಲ್ಲ. ಅರ್ಧ ಗದ್ದೆ ಆಚೆ ದಂಡೆಯಲ್ಲಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ಒಂದೇ ಗತಿ. ಅದಕ್ಕೆ ಹನ್ನೆರಡು ಮನೆಯ ಗಂಡಸರು ಸೇರಿ ಸಂಘ ಮಾಡಿಕೊಂಡು, ದಂಡೆಯ ಮೇಲೆ ಕೆಂಪುಕಲ್ಲಿನ ಕಂಬ ನಿಲ್ಲಿಸಿ ಹುಲ್ಲು ಹೊದಿಸಿ ದೋಣಿಮನೆ ಕಟ್ಟಿದ್ದರು. ಬೇಸಿಗೆಯಲ್ಲಿ ದೋಣಿ ಅಲ್ಲಿ ಮಲಗುತ್ತಿತ್ತು, ಅದರ ಪಕ್ಕಕ್ಕೆ ಇವರೂ ಮಲಗುತ್ತಿದ್ದರು. ಹೆಂಗಸರು ಒಳಗೆ ಕಾಲಿಡುವಂತಿರಲಿಲ್ಲ. ದೋಣಿಗೆ ಮೈಲಿಗೆ ಎನ್ನುತ್ತಿದ್ದರು. ಇಸ್ಪೀಟು ಆಡುವುದು ಕಾಣಬಾರದು ಎಂದೇ ಈ ಕಟ್ಟಳೆ ಎಂದು ನನಗೆ ಆಗಲೂ ಅನುಮಾನ, ಈಗಲೂ ಅನುಮಾನ. ನವರಾತ್ರಿಗೆ ಆಚೆ ಊರಿನ ದೋಣಿಯ ಜೊತೆ ಪಂದ್ಯ ಇಡುತ್ತಿದ್ದರು. ಗೆದ್ದ ವರ್ಷ ಒಂದು ತಿಂಗಳು ಅದೇ ಮಾತು. ಸೋತ ವರ್ಷ ನೀರಿನ ಸೆಳೆತದ್ದೇ ತಪ್ಪು.

ನಮ್ಮ ಯಜಮಾನರೂ ಸಂಘದವರೇ. ಆದರೆ ನಿಜವಾದ ಕೆಲಸ ಗುತ್ಯಪ್ಪ ಒಬ್ಬನದು. ಮಳೆಗಾಲಕ್ಕೆ ಮುಂಚೆ ದೋಣಿಯ ಬಿರುಕಿಗೆ ನಾರು ತುರುಕಿ, ಡಾಂಬರು ಬೆರೆಸಿ ಕಾಯಿಸಿದ ರಾಳ ಬಳಿಯುವವನು ಅವನು, ಹುಟ್ಟು ಹಾಕಿ ಜನರನ್ನು ದಾಟಿಸುವವನೂ ಅವನು. ಸುಗ್ಗಿಯಲ್ಲಿ ಮನೆಮನೆಯಿಂದ ಕೊಡುವ ಭತ್ತವೇ ಅವನ ಸಂಸಾರದ ವರ್ಷದ ಅನ್ನ.

ಒಂದು ಪದ್ಧತಿ ಇತ್ತು. ದೋಣಿ ನೀರಿಗೆ ಇಳಿಸಿದ ದಿನ ರಾಳ ಬಳಿದವನೇ ಮೊದಲು ಕೂತು ದಾಟಿ ಬರಬೇಕು. ಆಮೇಲೆ ಉಳಿದವರು. ಆ ಸಂಘದವರು ಮಾಡಿದ ಕಟ್ಟಳೆಗಳಲ್ಲಿ ನನಗೆ ಸರಿ ಕಂಡದ್ದು ಇದೊಂದೇ.

ಆ ವರ್ಷ ನಾಟಿಗೆ ಸಸಿ ಬೆಳೆದು ನಿಂತಿತ್ತು. ಊರೆಲ್ಲ ದಂಡೆಯಲ್ಲಿ ಸೇರಿದ್ದೆವು. ನನ್ನ ಕಂಕುಳಲ್ಲಿ ನಾಲ್ಕು ವರ್ಷದ ಮಗಳು. ಗುತ್ಯಪ್ಪ ಮಾತ್ರ ದೂರ, ಹೊಂಗೆ ಮರದ ಕೆಳಗೆ ನಿಂತಿದ್ದ.

"ನನ್ ಕಾಲು ಉಳುಕೈತಿ. ನೀವು ಹತ್ರಿ" ಎಂದ.

ಅವತ್ತು ಬೆಳಿಗ್ಗೆಯೇ ಅವನು ದಿಬ್ಬ ಹತ್ತಿ ಸರಸರ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಕಾಲಿಗೆ ಏನೂ ಆಗಿಲ್ಲ. ದೋಣಿ ಸೋರತೈತಿ, ಅದು ಅವ್ನಿಗೆ ಗೊತ್ತೈತಿ! ನನ್ ಮಗಳ್ನ ನಾ ಹತ್ಸೂದಿಲ್ಲ" ಎಂದು ಕೂಗಿದೆ.

ಅಷ್ಟು ಸಾಕಾಯಿತು. ದೋಣಿಗೆ ಕಾಲಿಟ್ಟವರೂ ಇಳಿದರು. ಗುತ್ಯಪ್ಪ ಬೆನ್ನು ತಿರುಗಿಸಿ ನಿಂತ. ಅದನ್ನು ನೋಡಿ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಸಂಘದ ಹಿರಿಯರು ಕೊನೆಗೆ ಹೇಳಿದರು: "ನಾಳೆ ಬೆಳಗ್ಗೆ ಅವ ಕುಂತ್ರ ಆತು. ಇಲ್ಲಾಂದ್ರ ಹುಟ್ಟು ಬ್ಯಾರೆಯವ್ರಿಗೆ."

ನಾನು ಸೊಕ್ಕಿನಿಂದಲೇ ಮನೆಗೆ ಬಂದೆ. ಸಂಜೆ ಅವನ ಹೆಂಡತಿ ಹುಚ್ಚಮ್ಮ ಬಂದು ಅಂಗಳದ ಅಂಚಿನಲ್ಲಿ ನಿಂತಳು. ಒಳಗೆ ಬಾ ಎಂದೆ.

"ಬರೂದಿಲ್ಲ. ನಮಗ ಸೂತಕ ಐತಿ."

"ಯಾರು?"

"ಸಿದ್ದಾಪುರದ ಕಡೆ ಇದ್ದ ನಮ್ಮ ಭಾವ, ಇವನ ಅಣ್ಣ. ನಾಕು ದಿನ ಆತು."

"ಮತ್ತ ಬಾಯಿ ಬಿಟ್ಟು ಹೇಳಾಕ ಏನ್ ರೋಗ ಅವಂಗ?"

"ಹೇಳಿದ್ರ ಸೂತಕ ಕಳಿಯೂಮಟ ದೋಣಿ ಇಳಸೂದಿಲ್ಲ. ಅಷ್ಟರಾಗ ಸಸಿ ಬಲಿತು ಹೋಗ್ತಾವ. ಊರಿನ ಅನ್ನ ಕೆಡಬಾರ್ದು ಅಂತ ನುಂಗ್ಕೊಂಡಾನ. ಸೂತಕದಾಗ ಗಂಗಮ್ಮನ ಮ್ಯಾಲೆ ಹೆಂಗ ಕೂರ್ತಾನ ಹೇಳು? ರಾಳ ಬಳದದ್ದು ಸುದ್ದಿ ಬರೂಕಿಂತ ಮೊದ್ಲು."

"ಇದು ಖರೇ ಅಂತ ನಾ ಹೆಂಗ ನಂಬ್ಲಿ?"

"ನಂಬಬ್ಯಾಡ. ನಿನ್ನ ಎಮ್ಮಿ ಕೆಚ್ಚಲದಾಗನ ನೀರು ಬೆರಸೈತೇನೋ ಅಂತ ನೋಡಾಕಿ ನೀನು" ಎಂದು ತಿರುಗಿ ಹೋದಳು.

ನಮ್ಮದು ಲಿಂಗ ಕಟ್ಟಿದ ಮನೆತನ. ನಾವು ಸಾವಿಗೆ ಸೂತಕ ಹಿಡಿಯುವುದಿಲ್ಲ. ದೋಣಿ ಗಟ್ಟಿಯಿದ್ದೂ ಒಬ್ಬ ಮನುಷ್ಯ ಅದನ್ನು ಹತ್ತದೆ ಇರಬಹುದು ಎನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ. ಹೊಳೆದಿದ್ದರೆ ಸುಮ್ಮನಿರುತ್ತಿದ್ದೆನೇ? ಅದನ್ನೂ ನಂಬಲಾರೆ. ನಿಜ ಹೇಳಿದರೆ ದೋಣಿ ನಿಲ್ಲುತ್ತದೆ, ಹೇಳದಿದ್ದರೆ ಗುತ್ಯಪ್ಪನ ಅನ್ನ ಹೋಗುತ್ತದೆ. ಎರಡಕ್ಕೂ ನನ್ನ ಬಾಯಿಯೇ ಕಾರಣ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಸೇತುವೆ ಬಂತು, ಸಂಘ ಮುರಿಯಿತು, ದೋಣಿ ಬಿದ್ದಲ್ಲೇ ಮಣ್ಣಾಯಿತು. ಗುತ್ಯಪ್ಪನೂ ಇಲ್ಲ, ಹುಚ್ಚಮ್ಮನೂ ಇಲ್ಲ. ಆ ಕ್ಲಬ್ಬಿನ ಹುಡುಗಿಯನ್ನು ಹಾಗೆ ಗದರಿಸಿ ಬಂದದ್ದು ಸರಿಯಾಗಲಿಲ್ಲ ಎಂದು ಬರೆಯುತ್ತ ಕೂತಾಗ ಅನ್ನಿಸಿತು. ಮತ್ತೆ ಬಂದರೆ ಕೂರಿಸಿಕೊಂಡು ಹೇಳುತ್ತೇನೆ. ಹೇಳುವುದರಲ್ಲಿ ಇನ್ನು ಉಳಿದದ್ದು ಆ ಮರುದಿನದ ಬೆಳಗು ಒಂದೇ.

ಮರುದಿನ ಬೆಳಿಗ್ಗೆ ಗುತ್ಯಪ್ಪ ಅದೇ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಹಿರಿಯರು ಅವನ ಹೆಸರು ಕೂಗುವುದಕ್ಕೆ ಮೊದಲೇ ನಾನು ಮಗಳನ್ನು ಎತ್ತಿಕೊಂಡು ಹೋಗಿ ದೋಣಿಯಲ್ಲಿ ಕೂತೆ.

"ಹೆಂಗಸರು ಮೊದ್ಲು ಹತ್ತೂ ಪದ್ಧತಿ ಇಲ್ಲವ್ವಾ" ಎಂದರು ಹಿರಿಯರು.

"ಹೊಳಿಗೆ ಅದು ಗೊತ್ತಾಗೂದಿಲ್ಲ, ತಗೋರಿ. ನಿನ್ನೆ ಬಾಯಿ ಮಾಡಿದಾಕಿ ನಾನು, ಮುಳುಗಿದ್ರ ನಾನ ಮುಳುಗ್ತೀನಿ."

ಹುಟ್ಟು ಹಿಡಿದವರು ನಮ್ಮ ಯಜಮಾನರು. ಆಚೆ ದಂಡೆ ಮುಟ್ಟುವವರೆಗೂ ನನ್ನನ್ನು ಬೈಯುತ್ತಲೇ ಇದ್ದರು. ನಾನು ಒಂದು ಕೈಯಲ್ಲಿ ಮಗಳನ್ನು ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಕಾಲ ಕೆಳಗಿನ ಹಲಗೆಗಳ ಸಂದು ಒಂದೊಂದನ್ನೂ ಸವರುತ್ತಿದ್ದೆ. ಎಲ್ಲೂ ಪಸೆ ಇರಲಿಲ್ಲ. ಆಚೆ ದಂಡೆ ಮುಟ್ಟಿದ ಮೇಲೆ ಎದ್ದು ನಿಂತು ಈಚೆ ದಂಡೆಗೆ ಕೇಳುವಂತೆ ಕೂಗಿದೆ:

"ಹನಿ ನೀರಿಲ್ಲ, ಬರ್ರಿ! ಗುತ್ಯಪ್ಪನ ಕಾಲು ಖರೇನ ಉಳುಕೈತಿ. ನಾನ ನೋಡೀನಿ!"